ಮೊದಲೇ ಇರುವ ಕಾಯಿಲೆ

ಸಿರ್ಸಿ ಸರ್ಕಲ್ಲಿನ ಫ್ಲೈಓವರ್ ಕೆಳಗೆ
ಕುಂಟುಗಾಲಿನ ಮೇಜು, ವಿಮೆಯ ಅರ್ಜಿಗಳು, ನಾನು.
ಗುಜರಿ ಆರಿಸುವ ಅಂಜಿನಮ್ಮ
ಬೆರಳು ಸೀರೆಗೊರೆಸಿಕೊಂಡು ಕೂತಳು.

ವಯಸ್ಸನ್ನು ಮಗಳ ವಯಸ್ಸಿನಿಂದ ಲೆಕ್ಕ ಹಾಕಿದೆವು.
ಮನೆಯಲ್ಲಿ ಎಷ್ಟು ಜನ?
‘ಉಣ್ಣೋರಾ, ದುಡಿಯೋರಾ?’

ಮೊದಲೇ ಇರುವ ಕಾಯಿಲೆ?
‘ಹೆಸರಿಡೋದು ಡಾಕ್ಟ್ರಲ್ವಾ ಸಾರ್,
ಇನ್ನೂ ತೋರಿಸಿಲ್ಲ.’
ಸೆರಗು ಬಾಯಿಗೊತ್ತಿ ಕೆಮ್ಮಿದಳು,
ನನ್ನ ಕಾಗದಕ್ಕೆ ಸದ್ದು ತಾಗದ ಹಾಗೆ.

‘ಇ’ ಎಂದು ಬರೆದಿದ್ದೆ. ಪೆನ್ನು ನಿಂತಿತು.
ಇದೆ, ಇಲ್ಲ: ಎರಡೂ ಶುರುವಾಗುವುದು ಅಲ್ಲಿಂದಲೇ.
ಮೇಲೆ ಯಾವುದೋ ಲಾರಿ ಹಾದು
ಮೇಜು ನಡುಗಿತು.
‘ಬರ್ಕೊಳಿ, ಅದೇನಿದೆಯೋ ಅದು.’

ಹಳೇ ಕಾಗದ ಕಿಲೋಗೆ ಹನ್ನೊಂದು ರೂಪಾಯಿ,
ಅವಳಿಗೆ ಗೊತ್ತು.
ರಸೀದಿಯನ್ನು ಅಂಗೈಯಲ್ಲಿ ತೂಗಿ ನೋಡಿದಳು,
ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿ
ಚೀಲದ ಬಾಯಿ ಎರಡು ಸಲ ಬಿಗಿದಳು.