ಆಚೆ ದಡದ ಕೆಮ್ಮು

ಭಾನುವಾರ ಮೂರಕ್ಕೆ ವಿರಾಜಪೇಟೆಯಲ್ಲಿ
ನನ್ನ ಜೆರಾಕ್ಸ್ ಅಂಗಡಿಯ ಶಟರು ಅರ್ಧ ಇಳಿಯುತ್ತದೆ,
ಲೋಕ ಮುಗಿಯುತ್ತದೆ.

ಹೇಗೆ ಮುಗಿಯಿತೆಂಬುದು ಪ್ರತಿ ಸಲ ನನ್ನ ಹೊಣೆ.
ಹೋದ ವರ್ಷ ಜ್ವರದಿಂದ ಮುಗಿಸಿದ್ದೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬರುವ ಲಿಸಮ್ಮ
"ಸಾಕು ಮಾರಾಯ್ತಿ, ವಾರವಿಡೀ ಅದನ್ನೇ ನೋಡ್ತೇನೆ" ಅಂದಳು.

ಈ ಸಲ ಕಾರಣ ಬರೆದಿಲ್ಲ.
ಮೊದಲ ಸಾಲು ಇಷ್ಟೆ: ಕರೆಂಟು ಹೋಗಿ ಹನ್ನೊಂದು ವರ್ಷ.
"ಇದು ಆಟವಾ, ಚೆಸ್ಕಾಂ ವರದಿಯಾ?" ಸಫ್ವಾನ್ ನಕ್ಕ.

ಹಾಳಾದ ಪ್ರತಿಗಳ ಬೆನ್ನಲ್ಲಿ ನಾನು ಹೊಡೆದುಹಾಕಿದ ಯುದ್ಧಗಳಿವೆ:
ಹಾರಂಗಿ ಅಣೆಕಟ್ಟು ಹಿಡಿದು ಕೂತ ಕರ್ನಲ್,
ನೀರಿಗೆ ಮಕ್ಕಳನ್ನು ಒತ್ತೆ ಕೇಳುವವನು
(ತುಂಬ ಸಿನಿಮಾ).
ಮಡಿಕೇರಿ ಕೋಟೆಯಲ್ಲಿ ಕೊನೆಯ ರೇಡಿಯೋ,
ಅದರಲ್ಲೊಬ್ಬ ಹೆಂಗಸು ದಿನಾ ಹವಾಮಾನ ಓದುತ್ತಾಳೆ,
ಯಾವ ಊರಿನದೆಂದು ಹೇಳುವುದಿಲ್ಲ
(ಇದು ಇರಲಿ, ಮುಂದೆ ಬೇಕಾದೀತು).
ಮಾಕುಟ್ಟ ಘಾಟಿಯಲ್ಲಿ ಉಪ್ಪು ಹೊತ್ತು ಹತ್ತುವ ಹತ್ತು ಜನ,
ಅವರಿಗೆ ನಾವು ಕಾವಲು.
"ಉಪ್ಪಿಗೆ ಯಾರು ಬರ್ತಾರೆ?"
"ಆನೆ" ಎಂದ ಬೊಳ್ಳ, ಫಾರೆಸ್ಟ್ ವಾಚರ್,
ಆ ದಿನದ ಅವನ ಒಂದೇ ಮಾತು.

ಇಪ್ಪತ್ತು ಮುಖದ ದಾಳ ಅಂಚೆಯಲ್ಲಿ ಬಂತು, ಬೀರುವಿನಡಿ ಹೋಯಿತು.
ಈಗ ಸಿಪ್ಪೆ ಸುಲಿದ ಕಾಫಿ ಬೀಜ, ಐದು.
ಚಪ್ಪಟೆ ಮುಖ ಮೇಲಾದರೆ ಗೆಲುವು,
ಗೂನು ಬೆನ್ನು ಮೇಲಾದರೆ ಗಾಯ.
ರೊಬಸ್ಟಾ ಬೇಡ, ದುಂಡು ಜಾಸ್ತಿ,
ಮೇಜು ಮುಗಿದರೂ ಉರುಳುತ್ತದೆ.

ಇನ್ನು ಹವಾಲ್ದಾರ್ ಕುಟ್ಟಯ್ಯ.
ಇಪ್ಪತ್ತೆರಡು ವರ್ಷ ಸಿಗ್ನಲ್ಸ್‌ನಲ್ಲಿದ್ದವರು,
ಆಟದಲ್ಲಿ ಎಲ್ಲರಿಗಿಂತ ದಡ್ಡರು.
ದಾಳಿ ಎಂದರೆ ಬೂಟಿನ ಲೆಕ್ಕ ಕೇಳುತ್ತಾರೆ.
ಶತ್ರು ಕಂಡ ಎಂದರೆ, "ಅವನದ್ದು ಊಟ ಆಗಿದೆಯಾ?"
ಮೂರು ತಿಂಗಳಲ್ಲಿ ಒಂದು ಗುಂಡೂ ಹಾರಿಸಿಲ್ಲ.

ಕೈಲ್‌ಪೊಳ್ದ್‌ಗೆ ಅವರ ಮನೆಗೆ ಹೋಗಿದ್ದೆ.
ಪೂಜೆಗಿಟ್ಟ ಕೋವಿಯ ಬಾಯಲ್ಲಿ ತೋಕ್‌ಪೂ,
ಹಾರುವುದನ್ನು ಮರೆತ ಬೆಂಕಿ.
ಅಲ್ಲೇ ಹೊಳೆದದ್ದು ಈ ಕತೆ:

ಬೇತ್ರಿ ಸೇತುವೆಯ ಈ ಕಡೆ ನಮ್ಮ ತುಕಡಿ.
ಕೋವಿ ಒಂಬತ್ತು. ಮದ್ದು ಮುಗಿದು ಎರಡು ಮಳೆಗಾಲ.
ಆಚೆ ದಡಕ್ಕೆ ಇದು ಗೊತ್ತಾಗಬಾರದು.
ದಿನಾ ಬೆಳಿಗ್ಗೆ ನಳಿಗೆ ತಿಕ್ಕಿ, ಬಿಸಿಲಿಗೆ ಮಿಂಚಿಸಿ,
ಗುರಿ ಹಿಡಿದು ನಿಲ್ಲುವುದು. ಅಷ್ಟೇ ಯುದ್ಧ.

"ಸೂಪರ್!" ಸಫ್ವಾನ್ ಕುರ್ಚಿ ಎಳೆದುಕೊಂಡ.
ಕುಟ್ಟಯ್ಯ ಅಂಗೈಯಲ್ಲಿ ಬೀಜ ಕುಲುಕುತ್ತ
"ಅವರ ಹತ್ತಿರ ಇದೆಯಾ?"
ಏನು?
"ಮದ್ದು."

ಅದನ್ನು ನಾನು ಬರೆದಿರಲಿಲ್ಲ.
ಮಿಶಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು.

ಆಮೇಲೆ ಅವರು, ಯಾರಿಗೂ ಅಲ್ಲವೆಂಬಂತೆ:
"ಒಂದು ಚಳಿಗಾಲ ನಮ್ಮ ಪೋಸ್ಟಿಗೆದುರು ಅವರ ಪೋಸ್ಟು.
ನಡುವೆ ಬರೀ ಕಣಿವೆ. ಅಲ್ಲೊಬ್ಬನಿಗೆ ಕೆಮ್ಮು,
ರಾತ್ರಿಯಿಡೀ. ನಮ್ಮ ಹುಡುಗರು ನಗ್ತಿದ್ರು.
ಫೆಬ್ರವರಿಯಲ್ಲಿ ಒಂದಿನ ನಿಂತಿತು.
ಅವತ್ತು ಯಾರಿಗೂ ನಿದ್ದೆ ಇಲ್ಲ."

ಆರಿದ ಚಾ ಕುಡಿದು ಲೋಟ ಕವುಚಿಟ್ಟರು.

ಶತ್ರುವಿನ ಅಂಕಿಗಳನ್ನು ರಬ್ಬರಿನಿಂದ ಉಜ್ಜಿದೆ,
ಬಲ ಏಳು, ಗುರಿ ಆರು, ಕ್ರೌರ್ಯ ಒಂಬತ್ತು.
ಆ ಜಾಗಕ್ಕೆ ಏನು ಬರೆಯುವುದೋ ತಿಳಿಯದೆ
ಹಾಗೇ ಬಿಟ್ಟು, ಮೇಲೆದ್ದು ಹೇಳಿದೆ:
ರಾತ್ರಿ. ಹೊಳೆಯ ಮೇಲೆ ಮಂಜು.
ಸೇತುವೆಯ ಆ ತುದಿಯಲ್ಲಿ ಯಾರೋ ಕೆಮ್ಮುತ್ತಾರೆ.
ಏನು ಮಾಡುತ್ತೀರಿ?

ಸಫ್ವಾನ್ ಬಲೆ ಇರಬಹುದೆಂದ. ಇರಬಹುದು.
ಲಿಸಮ್ಮ ತನ್ನ ಹಾಳೆಯಲ್ಲಿ ಹುಡುಕಿದಳು:
ಕತ್ತರಿ, ದಾರ, ದೊಡ್ಡಪತ್ರೆ ಒಂದು ಕಟ್ಟು.
ಸೇತುವೆಯೇ ಯಾಕೆ ಬೇಕು, ಎಂದ ಬೊಳ್ಳ,
ಕಲ್ಲು ಮೆಟ್ಟಿ ದಾಟುವ ಜಾಗ ನನಗೆ ಗೊತ್ತು.

ಕುಟ್ಟಯ್ಯ ಸರದಿಗೆ ಕಾಯಲಿಲ್ಲ.
"ನಾನೂ ಕೆಮ್ಮುತ್ತೇನೆ" ಅಂದರು,
"ಮೆಲ್ಲಗೆ, ಒಂದೇ ಸಲ.
ಅದಕ್ಕೆ ಎಷ್ಟು ಬೀಜ ಎಸೆಯಬೇಕು?"