ಚೀಟಿ ಬಿಟ್ಟ ಬಾಟಲಿಗಳು

ದಾವಣಗೆರೆಯ ಹಳೇ ಬಾರುಗಳನ್ನೆಲ್ಲ ನಾನು
ಹಿಂಬಾಗಿಲಿನಿಂದ ಬಲ್ಲೆ.
ಗೌಸ್ ಪೀರ್ ಸಾಬರ ಐಸ್ ಫ್ಯಾಕ್ಟರಿಯಿಂದ
ತಳ್ಳುಗಾಡಿಗೆ ಹೊಟ್ಟು ಹಾಸಿ, ಗೋಣಿ ಹೊದಿಸಿ
ದಿನಕ್ಕೆ ನಾಲ್ಕು ಗಡ್ಡೆ.
ಅಶೋಕ ರಸ್ತೆಯ ರೈಲ್ವೆ ಗೇಟು ಬಿತ್ತೋ, ಮುಗಿಯಿತು.
ಹುಬ್ಬಳ್ಳಿ ಕಡೆಯ ಗೂಡ್ಸು ಹಾದುಹೋಗುವಷ್ಟರಲ್ಲಿ
ಅರ್ಧ ಗಡ್ಡೆ ಡಾಂಬರಿನ ಪಾಲು.
"ನೀರು ಮಾರಾಕ್ ಬಂದೀಯೇನಲೇ" ಅಂತ
ಅಂಜಿನಪ್ಪ ಬೈಯುತ್ತಿದ್ದ. ಬೈದು,
ಗೋಣಿ ಸರಿಸಿ ಕೈಯಿಟ್ಟು ಅಳೆಯುತ್ತಿದ್ದ,
ಗೇಣು, ಮುಕ್ಕಾಲು ಗೇಣು.

ಫ್ರಿಜ್ಜು ಇರಲಿಲ್ಲ. ಅಡುಗೆಕೋಣೆಯ ಪಕ್ಕ
ಸಿಮೆಂಟಿನ ತೊಟ್ಟಿ, ಎಮ್ಮೆ ಮಲಗುವಷ್ಟು.
ಐಸು ಕುಟ್ಟಿ ಸುರಿದರೆ
ಬಾಟಲಿಗಳು ಕುತ್ತಿಗೆಮಟ ಮುಳುಗಿ
ಮೊದಲ ಪಾಳಿ ಬಿಡುವುದನ್ನು ಕಾಯುತ್ತಿದ್ದವು.

ಮೂರೂವರೆಗೆ ಮಿಲ್ಲಿನ ಕೂಗು.
ಹತ್ತು ನಿಮಿಷ. ಆಮೇಲೆ ಸೈಕಲ್ಲುಗಳು
ಗೋಡೆಗೆ ಒಂದರ ಮೇಲೊಂದು ಒರಗಿ,
ಆಮೇಲೆ ತಲೆಗಳು.
ಇಪ್ಪತ್ತರವನಿಗೂ ನರೆ, ಐವತ್ತರವನಿಗೂ ನರೆ,
ಹುಬ್ಬಿಗೆ, ಕಿವಿಯ ಕೂದಲಿಗೆ ಅಂಟಿದ ಅರಳೆ.
ಗ್ಲಾಸಿನ ಮೇಲೆ ನಿಂತದ್ದು ನೊರೆಯೋ ಅರಳೆಯೋ
ಊದಿ ನೋಡಬೇಕು.
ಹಾರಿದರೆ ಅರಳೆ.
"ಹಾರದಿದ್ರೂ ಅರಳೇನೆ, ಕುಡಿಯಲೇ" ಅನ್ನುತ್ತಿದ್ದ ಪಾಂಡೋಜಿ.

ರಿಂಗ್ ಫ್ರೇಮಿನ ಜಾಬರ್ ಅವನು.
ಎಲ್ಲರೂ ಬೀರಿನ ಜತೆ ಖಾರ ಮಂಡಕ್ಕಿ ಕೇಳಿದರೆ
ಅವನ ಅಂಗಿ ಜೇಬಿನಿಂದ ಬೆಲ್ಲದ ಹೆಂಟೆ ಬರುತ್ತಿತ್ತು.
ಕಾಗದ ಬಿಚ್ಚಿ, ಒಂದು ಕಚ್ಚು, ಒಂದು ಗುಟುಕು.
"ಬೆಲ್ಲ ಅರಳೇನ ಹಿಡಿತತಿ, ಬೀರು ತೊಳಿತತಿ.
ಡಾಕ್ಟ್ರು ಕೊಡೋದು ಬರೀ ಚೀಟಿ."
ತೊಳೆಯಲಿಲ್ಲ ಅನ್ನುವುದು ಆಮೇಲಿನ ಮಾತು.

ಮಗ್ಗದ ಖಾತೆಯವರ ಮೇಜು ಮೂಲೆಗೆ.
ಇಡೀ ದಿನ ಆ ಸದ್ದಲ್ಲಿ ತುಟಿ ಓದಿ ಓದಿ
ಇಲ್ಲೂ ಹಾಗೇ: ಆರು ಜನ, ಬಾಯಿ ಆಡುತ್ತದೆ, ದನಿಯಿಲ್ಲ.
ಯಾರ ಮಗಳ ನಿಶ್ಚಯ, ಯಾವ ಸೂಪರ್‌ವೈಸರ್ ಎಂಥ ನಾಯಿ,
ಬೋನಸ್ಸು ಎಷ್ಟು ಪರ್ಸೆಂಟು,
ಎಲ್ಲ ಗಾಳಿಯಲ್ಲೇ. ಒಮ್ಮೊಮ್ಮೆ
ಆರೂ ಜನ ಒಟ್ಟಿಗೇ ನಗುತ್ತಿದ್ದರು.
ನಗು ಮಾತ್ರ ಹಿಂಬಾಗಿಲವರೆಗೆ ಕೇಳಿಸುತ್ತಿತ್ತು.

ನನಗೆ ಬೇಕಾದದ್ದು ತೊಟ್ಟಿಯಲ್ಲಿತ್ತು.
ಐಸಿನ ನೀರಿಗೆ ಅಂಟು ಬಿಟ್ಟು
ಬಾಟಲಿಯ ಚೀಟಿಗಳು ತೇಲುತ್ತಿದ್ದವು,
ಕುದುರೆ ಮುಖದ್ದು, ಜೋಡಿ ಕತ್ತಿಯದ್ದು,
ತೆನೆ ಹಿಡಿದು ನಿಂತ ಬಿಳೀ ಹೆಂಗಸಿನದ್ದು.
ಬತ್ತಲೆ ಬಾಟಲಿಗಳಲ್ಲಿ ಯಾವುದು ಯಾವುದೋ!
ಅಂಜಿನಪ್ಪ ಕೈಗೆ ಸಿಕ್ಕಿದ್ದನ್ನು ಎತ್ತಿ
"ಕುದುರೇದಾ? ತಗ. ಕತ್ತೀದಾ? ತಗ, ಇದು ಕತ್ತೀದು."
ಕುಡಿದವರು ನಾಲಿಗೆ ಚಪ್ಪರಿಸಿ
"ಕತ್ತೀದೇ, ಗೊತ್ತಾಕ್ಕತಿ ನೋಡು" ಅನ್ನುತ್ತಿದ್ದರು.
ನಾನು ಚೀಟಿಗಳನ್ನು ಗೋಡೆಗೆ ಬಡಿದು ಒಣಗಿಸಿ
ಐಸಿನ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡೆ.

ಮಿಲ್ಲು ನಿಂತ ದಿನ ಯಾವುದೆಂದರೆ ಯಾರೂ ಹೇಳರು,
ಒಂದೇ ದಿನಕ್ಕೆ ನಿಂತದ್ದಲ್ಲ ಅದು.
ಮೊದಲು ರಾತ್ರಿ ಪಾಳಿ. ಆಮೇಲೆ ಕ್ಯಾಂಟೀನು. ಆಮೇಲೆ ಕೂಗು.
ನನ್ನ ಐಸು ಎರಡು ಗಡ್ಡೆಗಿಳಿಯಿತು. ಒಂದಕ್ಕೆ.
ಪಾಂಡೋಜಿ ಸಾರಾಯಿ ಪ್ಯಾಕೆಟ್ಟಿಗೆ ಬಂದ,
ಹಲ್ಲಲ್ಲಿ ಮೂಲೆ ಕಚ್ಚಿ ಹರಿದು, ನಿಂತೇ.
ಬೆಲ್ಲ ಬಿಡಲಿಲ್ಲ.
ಯಂತ್ರ ನಿಂತು ವರ್ಷವಾದರೂ
ಅದರ ಮೇಲೆಯೇ ದನಿ ಏರಿಸಿ ಕಿರುಚುತ್ತಿದ್ದ:
"ಉಪ್ಪು ತಾರಲೇ!"
ಜಗಳವೇನೋ ಅಂತ ಹೊಸಬರು ತಿರುಗಿ ನೋಡುತ್ತಿದ್ದರು.
ಅವನಿಗೆ ಬೇಕಿದ್ದದ್ದು ಉಪ್ಪು, ಅಷ್ಟೆ.

ಮೊನ್ನೆ ಮೊದಲ ಸಲ ಮುಂಬಾಗಿಲಿಂದ ಹೋದೆ.
ತೊಟ್ಟಿ ಇದ್ದಲ್ಲಿ ಗಾಜಿನ ಫ್ರಿಜ್ಜು, ಒಳಗೆ ನೀಲಿ ದೀಪ.
ತಂದಿಟ್ಟ ಬಾಟಲಿ ಬೆವರಿತ್ತು, ಚೀಟಿ ಭದ್ರ.
ಉಗುರಲ್ಲಿ ಕೆರೆದೆ. ಬರಲಿಲ್ಲ.
"ಇನ್ನೇನಾರ ಬೇಕಾ ಅಜ್ಜಾರೇ?"
ಬಾಯಿ ಆಡಿಸಿದೆ, ದನಿ ಬಿಡದೆ:
ಒಂದು ಚೂರು ಬೆಲ್ಲ.
ಹುಡುಗ ನನ್ನ ತುಟಿಯನ್ನೇ ನೋಡಿ,
ತಲೆಯಾಡಿಸಿ ಹೋಗಿ
ಖಾರ ಮಂಡಕ್ಕಿ ತಂದಿಟ್ಟ.