ಕೈಗೆ ರೇಟಿಲ್ಲ

ಬೀರೂರು ಸ್ಟೇಷನ್ ದಾಟಿ ಆಟೋ ಎಡಕ್ಕೆ ಹೊರಳಿತು.
ಜಾಲಿಮರ, ಹುರುಳಿ ಕಿತ್ತ ಹೊಲ, ತಗಡಿನ ಬೋರ್ಡು:
ಬಿಸಿ ಕೆಸರು. ಕಾಲಿಗೆ ಹತ್ತು, ಮೈಗೆ ನಲವತ್ತು.
"ಕೈಗೆಷ್ಟಪ್ಪ?" ಅಂದರು ತ್ರಿಪುರಾಂಬಾ ಮೇಡಂ.
ಚೀಟಿ ಹರಿಯುವ ಕರಿಬಸವ ತಲೆ ಕೆರೆದ.
ಕೈಗೆ ರೇಟೇ ಇಟ್ಟಿರಲಿಲ್ಲ ಯಾರೂ.
"ಎರಡೂ ಸೇರಿ ಐದು ಕೊಡಿ. ಬಳೆ ತೆಗೆದಿಡಿ."

ಗುಂಡಿ ಅಂದರೆ ಗುಂಡಿ, ಎರಡು ಗಾಡಿಯಗಲ.
ನಡುವೆ ಗುಳ್ಳೆಯೊಂದು ಉಬ್ಬುತ್ತದೆ,
ಹೇಳಲೋ ಬೇಡವೋ ಎಂದು ತಡೆಯುತ್ತದೆ,
ಬೊಳಕ್ಕನೆ ಒಡೆಯುತ್ತದೆ, ಅಂಬಲಿ ಕುದಿವ ಹಾಗೆ.
ಕೊಳೆತ ಮೊಟ್ಟೆಯ ವಾಸನೆ.
ಆಚೆ ದಡದಲ್ಲಿ ಕತ್ತಿನವರೆಗೆ ಹೂತು ಕೂತ ಲಾರಿ ಡ್ರೈವರು
ಒಂದೇ ಕೈ ಮೇಲಿಟ್ಟು, ಫೋನಿನಲ್ಲಿ ಯಾರಿಗೋ
"ಲೋಡಾಗ್ತಾ ಇದೆ ಸಾರ್, ಲೋಡಾಗ್ತಾ ಇದೆ."

ಇಪ್ಪತ್ತೊಂಬತ್ತು ವರ್ಷ
ಕಡೂರಿನ ಸೈಕಲ್ ಶಾಪಿನ ಮೇಲಿನ ಮಹಡಿಯಲ್ಲಿ
ಹನ್ನೊಂದು ಟೈಪ್‌ರೈಟರುಗಳ ಆಲಿಕಲ್ಲು ಮಳೆ.
ನಮ್ಮ ಕೈಗಳ ಮೇಲೆ ಕರ್ಚೀಫು ಹೊದಿಸಿ
"ನೋಡಬೇಡ, ಬೆರಳಿಗೆ ಗೊತ್ತಿದೆ" ಅನ್ನುತ್ತಿದ್ದವರು.
ಮಿಷನ್ನುಗಳು ತೂಕಕ್ಕೆ ಹೋದವು.
ಬೆರಳುಗಳು ಈಗ ಹಸಿ ಶುಂಠಿ,
ಕುಪ್ಪಸದ ಗುಂಡಿಯನ್ನೂ ಕೇಳಿ ಹಾಕಿಸಿಕೊಳ್ಳುತ್ತವೆ.

ಮೊಣಕೈವರೆಗೆ ಇಳಿಸಿದರು.
"ಸುಡುತ್ತಾ?"
"ಸುಮ್ಮನಿರು."

ಎಷ್ಟೋ ಹೊತ್ತಿಗೆ ಹೆಗಲು ಸಣ್ಣಗೆ ಅಲುಗಿತು,
ಬಲ, ಎಡ, ಎಡ, ಮತ್ತೆ ಬಲ.
ನೋವಿಗಿರಬೇಕು ಅಂದುಕೊಂಡೆ.
ಆಗ ಎಡಗೈ ಥಟ್ಟನೆ ಕೆಸರಿಂದೆದ್ದು
ಗಾಳಿಯನ್ನು ಬಲಕ್ಕೊಮ್ಮೆ ತಳ್ಳಿ
ಮತ್ತೆ ಮುಳುಗಿತು.

ಸಾಲು ಮುಗಿದಿತ್ತು!
ಇನ್ನೊಂದು ಶುರು.

ಏನು ಹೊಡೆದಿರಿ ಮೇಡಂ? ಕೇಳಲಿಲ್ಲ.
ರಜೆಯರ್ಜಿಯೋ, ಹೆಸರೋ,
ಯಾರಿಗೋ ಬರೆಯದೆ ಉಳಿಸಿಕೊಂಡ ಕಾಗದವೋ.
ಮೇಲೆ ಸುಕ್ಕೂ ಇರಲಿಲ್ಲ.
ಕೆಸರಿಗೆ ಕಾರ್ಬನ್ ಪ್ರತಿ ಇಡುವ ಅಭ್ಯಾಸವಿಲ್ಲ.
ನಾಲ್ಕು ಸಲ ಆ ಎಡಗೈ ಎದ್ದದ್ದು ಎಣಿಸಿದೆ.
ಐದನೆಯದಕ್ಕೆ ಕರಿಬಸವ ಕೂಗಿದ:
"ಅಮ್ಮಾ, ಟೈಮಾಯ್ತು!"

ವಾಪಸು ಬರುವಾಗ ಗೇಟು ಹಾಕಿತ್ತು.
ಉದ್ದನೆಯ ಗೂಡ್ಸು, ಆಟೋದಲ್ಲಿ ಸೆಕೆ.
ತೊಳೆಯಲು ಒಪ್ಪದ ಕೈ ಮಡಿಲಲ್ಲಿ ಒಣಗಿ
ಗೆಣ್ಣುಗೆಣ್ಣಿಗೂ ಬಿರುಕು ಬಿಡುತ್ತಿತ್ತು,
ಬಳೆ ನನ್ನ ಬ್ಯಾಗಿನಲ್ಲಿ.
ಡಬ್ಬಿಗಳು ಖಟಖಟ ಹಾಯುತ್ತಿರಲು
ತಮ್ಮಷ್ಟಕ್ಕೇ ಅಂದರು:
"ಮೂರು ತಪ್ಪು."
ಕೊನೆಯ ಡಬ್ಬಿ ಹೋದ ಮೇಲೆ:
"ಪರವಾಗಿಲ್ಲ. ಪಾಸು."